ಕತ್ತರಿ ಯಾರ ಕೈಯಲ್ಲಿದೆ?

ಲೇಖನ ಅಚ್ಚಾಗಿ ಬಂದ ಮೂರನೆಯ ದಿನ ಸಂಜೆ ಆಕೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. "ಬಾರವ್ವಾ ಒಳಗ" ಅಂದರೂ ಹೊಸ್ತಿಲು ದಾಟಲಿಲ್ಲ. ಸೆರಗಿನ ಮರೆಯಲ್ಲಿ ಪತ್ರಿಕೆಯಿತ್ತು. ಆಕೆಗೆ ಓದಲು ಬಾರದು. ಏಳನೆಯ ಇಯತ್ತೆಯಲ್ಲಿದ್ದ ಮಗಳು ಓದಿ ಹೇಳಿದ್ದಳು.

"ಅಕ್ಕಾರ, ನಾ ಹಿಂಗ ಹೇಳಿದ್ನೇನ್ರಿ?"

ನನ್ನ ಬಾಯಿ ಕಟ್ಟಿಹೋಯಿತು. ಹೇಳಿದ್ದಳು, ಸುಳ್ಳಲ್ಲ. ಆದರೆ ಹೀಗೆ ಹೇಳಿರಲಿಲ್ಲ.

ನಮ್ಮ ಗುಳೇದಗುಡ್ಡ ಖಣದ ಊರು. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣ ಎಂಬುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಜೋಡಿ. ಉಡಿ ತುಂಬುವಾಗ ತ್ರಿಕೋನವಾಗಿ ಮಡಿಸಿದ ಆ ಖಣವನ್ನು ನಾವೆಲ್ಲ ಕೈಯೊಡ್ಡಿ ತೆಗೆದುಕೊಂಡವರೇ. ಸೂಜಿಮಲ್ಲಿಗೆ, ತೇರು, ಆನೆ ಹೆಜ್ಜೆ ಎಂದು ಅದರ ಮೇಲಿನ ಚಿತ್ತಾರಗಳ ಹೆಸರುಗಳನ್ನೂ ಹೇಳಿಯೇವು. ಆದರೆ ಮಗ್ಗದ ಮುಂದೆ ಕೂತವನ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ರಾಟಿ ತಿರುವುತ್ತ ಕಂಡಿಕೆ ಸುತ್ತುವವಳ ಹೆಸರು ಯಾರಿಗೂ ಬೇಕಾಗಿಲ್ಲ. ಲಾಳಿಯೊಳಗೆ ಕಂಡಿಕೆ ಇಲ್ಲದಿದ್ದರೆ ಮಗ್ಗ ಒಂದು ಗೇಣೂ ಮುಂದೆ ಹೋಗದು. ಹಲವು ವರ್ಷಗಳ ಹಿಂದೆ ನಾನು ಬರೆದದ್ದು ಆ ಹೆಂಗಸರ ಕುರಿತು. ಹದಿನಾಲ್ಕು ಫುಲ್‌ಸ್ಕೇಪ್ ಪುಟ. ಬೆಂಗಳೂರಿನ ಒಂದು ವಾರಪತ್ರಿಕೆ ತೆಗೆದುಕೊಂಡಿತು. ಹೆಸರು ಬೇಡ, ಅದರ ಜಾಗದಲ್ಲಿ ಯಾವ ಪತ್ರಿಕೆಯ ಹೆಸರನ್ನಿಟ್ಟರೂ ಈ ಕತೆ ಹೀಗೇ ನಡೆಯುತ್ತಿತ್ತು.

ಆಕೆ ನನಗೆ ಹೇಳಿದ್ದು ಇಷ್ಟು: "ಮಜೂರಿ ನಮ್ಮ ಮನಿಯವರ ಹೆಸರಿಗೆ ಬರತೈತ್ರಿ. ನಾ ಸುತ್ತೋ ಕಂಡಿಕಿಗೆ ಕೂಲಿ ಅಂತ ಬ್ಯಾರೆ ಇಲ್ಲ. ಅವರ ಮ್ಯಾಲೇನ ಸಿಟ್ಟಿಲ್ಲ ನಂದು. ಸಾವಕಾರ್ರು ಮುಂಗಡ ಮುರಕೊಂಡು ಉಳದದ್ದು ಕೊಟ್ರ, ಅವರ ಕೈಯಾಗರ ಏನ ಉಳೀತೈತ್ರಿ?"

ಪತ್ರಿಕೆಯಲ್ಲಿ ಬಂದದ್ದು: 'ನನ್ನ ದುಡಿಮೆಗೆ ನನ್ನ ಗಂಡ ಕೂಲಿ ಕೊಡುವುದಿಲ್ಲ.' ಮೇಲೆ ದಪ್ಪಕ್ಷರದ ತಲೆಬರಹ, 'ಬಣ್ಣದ ಖಣದ ಹಿಂದೆ ಕಣ್ಣೀರು'. ಆಕೆ ನನ್ನೆದುರು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನಡುನಡುವೆ ನಗುತ್ತಲೇ ಮಾತಾಡಿದ್ದಳು.

ಸಾವುಕಾರರ ಲೆಕ್ಕ ಪೂರ್ತಿ ಹೋಗಿತ್ತು. ನೂಲು ಯಾರು ಕೊಡುತ್ತಾರೆ, ಖಣಕ್ಕೆ ಇಂತಿಷ್ಟು ಎಂದು ಮಜೂರಿ ಹೇಗೆ ಕಟ್ಟುತ್ತಾರೆ, ಮುಂಗಡ ಹೇಗೆ ತಲೆಯ ಮೇಲೆ ಕೂಡುತ್ತದೆ, ಆ ಮಜೂರಿಯೊಳಗೆ ಹೆಂಡತಿಯ ಕಂಡಿಕೆ, ಅತ್ತೆಯ ರಾಟಿ, ಶಾಲೆ ಬಿಟ್ಟು ಬಂದ ಮಗಳ ಕೈಕೆಲಸ ಎಲ್ಲವೂ ಹೇಗೆ ಪುಕ್ಕಟೆಯಾಗಿ ಸೇರಿಕೊಂಡಿವೆ ಎಂದು ನಾನು ಬರೆದಿದ್ದ ನಾಲ್ಕು ಪುಟಗಳು ಮಾಯವಾಗಿದ್ದವು. ಆ ಜಾಗದಲ್ಲಿ ಒಂದು ಸಾಬೂನಿನ ಜಾಹೀರಾತು ಕೂತಿತ್ತು. ವ್ಯಾಪಾರದ ಅನ್ಯಾಯವೆಂದು ನಾನು ಬರೆದದ್ದು ಒಬ್ಬ ಗಂಡನ ಅನ್ಯಾಯವಾಗಿ ಅಚ್ಚಾಯಿತು. ಆತನೋ, ದಿನವಿಡೀ ಗುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಬಡಪಾಯಿ. ಓಣಿಯವರು ಓದಿ ನಕ್ಕರಂತೆ. ಎರಡು ವಾರ ಆತ ಹೆಂಡತಿಯ ಕೂಡ ಮಾತಾಡಲಿಲ್ಲವಂತೆ.

ಕತ್ತರಿಯಿಂದ ಮಾತು ಕಡಿಮೆಯಾಗುತ್ತದೆ ಎಂದಷ್ಟೇ ನಾವು ತಿಳಿದಿದ್ದೇವೆ. ಅಪರಾಧವನ್ನು ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ ಕಟ್ಟಲೂ ಅದಕ್ಕೆ ಬರುತ್ತದೆ ಎಂದು ನನಗೆ ಅಂದು ತಿಳಿಯಿತು.

ಈ ಕತೆ ಹೇಳಿದಾಗಲೆಲ್ಲ ಗೆಳತಿಯರು ಸಂಪಾದಕರನ್ನು ಬಯ್ಯುತ್ತಾರೆ. ಬಯ್ಯುವುದು ಬೇಕಾದಷ್ಟಿದೆ, ಮುಂದೆ ಬಯ್ಯುತ್ತೇನೆ. ಆದರೆ ಮೊದಲು ನನ್ನ ಪಾಲಿನದು. ಆ ಹದಿನಾಲ್ಕು ಪುಟಗಳ ಮೊದಲ ನಾಲ್ಕು ಪುಟಗಳಲ್ಲಿ ಏನಿತ್ತು ಗೊತ್ತೇ? ಚಾಲುಕ್ಯರು! ಬಾದಾಮಿಯ ಮೇಣಬಸದಿ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ, ಮಹಾಕೂಟದ ಹೊಂಡ, ಮಲಪ್ರಭೆಯ ದಂಡೆ. ನಮ್ಮ ಕಡೆಯವರು ಏನು ಬರೆಯಲು ಕೂತರೂ ಇಮ್ಮಡಿ ಪುಲಿಕೇಶಿಗೆ ಒಂದು ನಮಸ್ಕಾರ ಹಾಕದೆ ಮುಂದೆ ಹೋಗುವುದಿಲ್ಲ. ಆಮೇಲೆ ನಮ್ಮೂರ ಗುಡ್ಡದ ವರ್ಣನೆ, ಆಮೇಲೆ ಬನಶಂಕರಿ ಜಾತ್ರೆ. ಕಂಡಿಕೆ ಸುತ್ತುವವಳು ಬಂದದ್ದು ಏಳನೆಯ ಪುಟಕ್ಕೆ, ಸಾವುಕಾರರ ಲೆಕ್ಕ ಬಂದದ್ದು ಹತ್ತನೆಯ ಪುಟಕ್ಕೆ. ಜಾಗ ಸಾಲದ ಉಪಸಂಪಾದಕ ಏನು ಮಾಡಿದ? ಬಾಲದಿಂದ ಕತ್ತರಿಸಿದ. ಪುಲಿಕೇಶಿ ಉಳಿದ, ಲೆಕ್ಕ ಹೋಯಿತು.

ಬಾಲದಿಂದ ಕತ್ತರಿಸುವುದು ಸುದ್ದಿಮನೆಯ ಹಳೆಯ ರೂಢಿ. ತಂತಿಯಲ್ಲಿ ಸುದ್ದಿ ಬರುತ್ತಿದ್ದ ಕಾಲದಿಂದಲೂ ಸುದ್ದಿಯ ಸಾರವನ್ನೆಲ್ಲ ಮೊದಲ ಸಾಲುಗಳಲ್ಲಿ ತುಂಬಿ, ಮುಖ್ಯವಲ್ಲದ್ದನ್ನು ಕೆಳಗೆ ಕೆಳಗೆ ಇಡುತ್ತ ಹೋಗುವ ಪದ್ಧತಿ ಬೆಳೆದಿದೆ. ಜಾಗ ಸಾಲದಿದ್ದರೆ ಕೆಳಗಿನ ಎರಡು ಪ್ಯಾರಾ ಕಿತ್ತರೆ ಸುದ್ದಿಗೆ ನೋವಾಗದು. ಅಪಘಾತದ ವರದಿಗೆ, ಮಂತ್ರಿಯ ಭಾಷಣಕ್ಕೆ ಇದು ಸರಿ. ನುಡಿಚಿತ್ರದ ಕಟ್ಟು ಬೇರೆ. ಅದು ಮೆಲ್ಲಗೆ ಕೂಡುತ್ತ ಹೋಗಿ ಕೊನೆಯಲ್ಲಿ ಬಿಗಿಯುತ್ತದೆ. ಇಳಕಲ್ಲಿನ ಸೀರೆಯನ್ನೇ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಪ್ರತಿಯೊಂದು ಸೀರೆಗೂ ಹೊಸದಾಗಿ ಈ ಕೊಂಡಿ ಹಾಕಬೇಕು. ಸೀರೆ ಉದ್ದವಾಯಿತೆಂದು ಸೆರಗನ್ನೇ ಕತ್ತರಿಸಿ ಕೊಟ್ಟರೆ ನಮ್ಮಲ್ಲಿ ಯಾರಾದರೂ ಉಟ್ಟೇವೇ? ಪತ್ರಿಕೆಯಲ್ಲಿ ಮಾತ್ರ ವಾರವಾರವೂ ಸೆರಗಿಲ್ಲದ ಸೀರೆಗಳನ್ನು ಕೊಂಡು ಓದುತ್ತೇವೆ, 'ಯಾಕೋ ಪೂರಾ ಆಗಲಿಲ್ಲಲ್ಲ' ಎಂದು ಪುಟ ತಿರುವುತ್ತೇವೆ.

ಹಾಗಾದರೆ ಕತ್ತರಿಯೇ ಬೇಡವೇ? ಬೇಡ ಎನ್ನುವ ಒಂದು ಪಂಥ ನಮ್ಮಲ್ಲಿದೆ, ಹೆಂಗಸರಲ್ಲಿ ತುಸು ಹೆಚ್ಚಾಗಿಯೇ ಇದೆ. ಮನಸ್ಸಿನಿಂದ ಬಂದದ್ದನ್ನು ತಿದ್ದಬಾರದು, ತಿದ್ದಿದರೆ ಅದರ ಜೀವ ಹೋಗುತ್ತದೆ ಎಂಬುದು ಈ ಪಂಥದ ಮಂತ್ರ. ನಮ್ಮ ಮಹಿಳಾ ಮಂಡಳದಲ್ಲಿ ಯಾರಾದರೂ ಲೇಖನ ಓದಿದರೆ "ಭಾಳ ಛಂದ ಬರದೀರಿ ನೋಡ್ರಿ" ಎನ್ನುತ್ತೇವೆ, ಚುರುಮುರಿ ತಿನ್ನುತ್ತೇವೆ, ಮನೆಗೆ ಹೋಗುತ್ತೇವೆ. ಅದೇ ನಾವು ಅಕ್ಕಿಯಲ್ಲಿ ಒಂದು ಹರಳಿದ್ದರೆ ಬಿಡುವುದಿಲ್ಲ. ಜಂಪರ್ ಹೊಲಿಸಲು ಕೊಟ್ಟರೆ ಭುಜ ಅರ್ಧ ಇಂಚು ಜಾರಿದರೂ ಟೇಲರನಿಗೆ ತಿರುಗಿ ಕೊಟ್ಟು ಬರುತ್ತೇವೆ. ಬರಹದ ವಿಷಯದಲ್ಲಿ ಮಾತ್ರ ಎಲ್ಲಿಲ್ಲದ ಔದಾರ್ಯ. ಇದಕ್ಕೆ ಔದಾರ್ಯವೆಂಬ ಹೆಸರೂ ಸಲ್ಲದು. ಗೆಳತಿಯ ಬರಹವನ್ನು ಎರಡನೆಯ ಸಲ ಓದುವಷ್ಟು ಶ್ರಮ ನಮಗೆ ಬೇಡವಾಗಿದೆ, ಅಷ್ಟೇ.

ಈಗಂತೂ ಮೊಬೈಲ್ ಬಂದು ಆ ಪಂಥಕ್ಕೆ ರೆಕ್ಕೆ ಮೂಡಿದೆ. ಬೆರಳಲ್ಲಿ ಒತ್ತಿದ್ದು ಆ ಕ್ಷಣವೇ ನೂರು ಜನರಿಗೆ ಮುಟ್ಟುತ್ತದೆ. ಜಾಗದ ಅಭಾವವಿಲ್ಲ, ಉಪಸಂಪಾದಕನಿಲ್ಲ, ಕತ್ತರಿಯಿಲ್ಲ. 'ಈ ಮಾತನ್ನು ನಿನಗೆ ಯಾರು ಹೇಳಿದರು?' ಎಂದು ಕೇಳುವವರೂ ಇಲ್ಲ. ನೂರು ಚಪ್ಪಾಳೆಯ ಗುರುತು ಬಂದರೆ ಆಯಿತು.

ಕನ್ನಡದಲ್ಲಿ ಸಂಪಾದನೆ ಎಂಬ ಮಾತಿಗೆ ಗಳಿಕೆ ಎಂದೂ ಅರ್ಥ. ಆದರೆ ಪತ್ರಿಕೆಯ ಮಂದಿ ಸಂಪಾದನೆ ಎಂದರೆ ಕಳೆಯುವುದು ಎಂದುಕೊಂಡಿದ್ದಾರೆ. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಶೂನ್ಯಸಂಪಾದನೆಯನ್ನು ನೆನೆಯಿರಿ. ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೆಣೆದ ಆ ಗ್ರಂಥ ಒಬ್ಬರ ಕೈಯಲ್ಲಿ ಮುಗಿಯಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಮಾಡಿದ್ದನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಮತ್ತೆ ಮತ್ತೆ ಕೈಗೆತ್ತಿಕೊಂಡರು. ನಾಲ್ಕು ಸಂಪಾದನೆಗಳು. ಅದರಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಆಕೆಯನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಎಷ್ಟು ಕಟುವಾಗಿ ಪ್ರಶ್ನೆ ಕೇಳುತ್ತಾನೆ! ಆದರೆ ಉತ್ತರ ಮಾತ್ರ ಆಕೆಯದೇ, ಆಕೆಯ ಮಾತಿನಲ್ಲೇ. ಆಕೆಯ ಪರವಾಗಿ ಅಲ್ಲಮ ಉತ್ತರ ಬರೆದುಕೊಳ್ಳುವುದಿಲ್ಲ. ಸಂಪಾದಕ ಹೇಗಿರಬೇಕು ಎಂದು ನನ್ನನ್ನು ಕೇಳಿದರೆ ಆ ಪ್ರಸಂಗವನ್ನು ತೋರಿಸುತ್ತೇನೆ.

ಅಷ್ಟು ಹಿಂದೆ ಹೋಗುವುದೂ ಬೇಡ. ಆಗ ನಮ್ಮೂರೂ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿ ಫ. ಗು. ಹಳಕಟ್ಟಿಯವರು ತಾಳೆಗರಿ ಹುಡುಕುತ್ತ ಹಳ್ಳಿ ಹಳ್ಳಿ ತಿರುಗಿದರು. 1923ರಲ್ಲಿ ವಚನಶಾಸ್ತ್ರಸಾರ ತಂದರು. ಮನೆ ಮಾರಿ ಮುದ್ರಣಾಲಯ ಹಾಕಿದರು. 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಹುಬ್ಬಳ್ಳಿಯಲ್ಲಿ 1956ರಲ್ಲಿ ಕಸ್ತೂರಿ ಮಾಸಪತ್ರಿಕೆ ಶುರುವಾಯಿತು. ಅದನ್ನು ಬೆಳೆಸಿದವರು ಪಾ. ವೆಂ. ಆಚಾರ್ಯರು. ನಮ್ಮ ಅವ್ವಂದಿರ ಕಾಲದ ಟ್ರಂಕುಗಳಲ್ಲಿ ಖಣದ ಕೆಳಗೆ ಕಸ್ತೂರಿಯ ಹಳೆ ಸಂಚಿಕೆಗಳಿರುತ್ತಿದ್ದವು. ಒಂದಿಡೀ ಪುಸ್ತಕವನ್ನು ಕೆಲವೇ ಪುಟಗಳಿಗೆ ಇಳಿಸಿ ಸಂಚಿಕೆಯ ಕೊನೆಗೆ ಕೊಡುತ್ತಿದ್ದರಲ್ಲ, ಅದೂ ಕತ್ತರಿಯ ಕೆಲಸವೇ. ಆದರೆ ಓದಿ ಮುಗಿಸಿದಾಗ ತಲೆ ಇದೆ ಬಾಲವಿಲ್ಲ ಅನ್ನಿಸುತ್ತಿರಲಿಲ್ಲ. ಪುಸ್ತಕವನ್ನು ಪೂರ್ತಿ ಓದಿ, ಅದರ ಬೆನ್ನುಮೂಳೆ ಯಾವುದು ಎಂದು ಕಂಡುಕೊಂಡವರು ಮಾತ್ರ ಹಾಗೆ ಇಳಿಸಬಲ್ಲರು. ಶಬ್ದ ಎಣಿಸಿ ಕತ್ತರಿಸುವವರಿಗೆ ಅದು ದಕ್ಕದು.

ಹೆಂಗಸರಿಗೆ ಇದು ಹೊಸ ವಿದ್ಯೆ ಎಂದೂ ಹೇಳಬೇಡಿ. ನಂಜನಗೂಡು ತಿರುಮಲಾಂಬ 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಹೊರಡಿಸಿ, ಆಮೇಲೆ ಕರ್ನಾಟಕ ನಂದಿನಿ ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ಸರಸ್ವತಿ ಪತ್ರಿಕೆ ಶುರುಮಾಡಿ ನಾಲ್ಕು ದಶಕ ನಡೆಸಿದರು. ಇಬ್ಬರೂ ಬಾಲ್ಯದಲ್ಲೇ ವಿಧವೆಯರಾದವರು. ಮನೆಯ ಮೂಲೆಯಲ್ಲಿ ಕೂಡಬೇಕೆಂದು ಊರು ವಿಧಿಸಿದ್ದ ಹೆಣ್ಣುಮಕ್ಕಳು ಇನ್ನೊಬ್ಬರ ಬರಹವನ್ನು ತೂಗಿ ನೋಡುವ, ತಿದ್ದುವ, ಬೇಡವೆನ್ನುವ ಅಧಿಕಾರವನ್ನು ಕೈಗೆ ತೆಗೆದುಕೊಂಡರು. ನೂರು ವರ್ಷದ ಮೇಲೆ ನಾವು ಲಕೋಟೆಗೆ ಅಂಟು ಹಚ್ಚಿ 'ದಯವಿಟ್ಟು ಪ್ರಕಟಿಸಿ' ಎಂದು ಬರೆಯುವಲ್ಲಿಗೇ ನಿಂತಿದ್ದೇವೆ.

ಈಗ ಪತ್ರಿಕೆಯವರಿಗೆ ಬಯ್ಯುತ್ತೇನೆಂದೆನಲ್ಲ.

ಅವರ ಮೊದಲ ಮಾತು: ಈಗಿನ ಓದುಗರಿಗೆ ವ್ಯವಧಾನವಿಲ್ಲ, ಆರುನೂರು ಶಬ್ದ ಸಾಕು. ಯಾವ ಓದುಗರು ಸ್ವಾಮಿ? ಶ್ರಾವಣ ಬಂದರೆ ನಮ್ಮ ಕಡೆಯ ಮಠಗಳಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ದಿನವೆಲ್ಲ ದುಡಿದು ಬಂದ ಹೆಂಗಸರು ರಾತ್ರಿ ಚಾಪೆ ಹಿಡಿದು ಹೋಗಿ, ನಿನ್ನೆ ಎಲ್ಲಿಗೆ ನಿಂತಿತ್ತು ಎಂದು ಒಬ್ಬರಿಗೊಬ್ಬರು ನೆನಪಿಸಿಕೊಂಡು ಕೇಳುತ್ತಾರೆ. ಸುಧಾ, ತರಂಗದ ಧಾರಾವಾಹಿಗಳನ್ನು ವಾರ ವಾರ ಕಾದು, ಹಾಳೆ ಕಿತ್ತಿಟ್ಟುಕೊಂಡು, ದಾರದಲ್ಲಿ ಹೊಲಿದು ಪುಸ್ತಕ ಮಾಡಿಕೊಂಡು ಓದಿದವರು ನಾವು. ಒಂದೇ ಮಾತನ್ನು ಮೂರು ಸಲ ತಿರುವಿ ಹಾಕಿದರೆ ನಮಗೆ ವ್ಯವಧಾನವಿಲ್ಲ, ಅದು ನಿಜ. ಅದು ಲೇಖನ ಉದ್ದವಾದದ್ದರ ತಪ್ಪಲ್ಲ, ಯಾರೂ ಅದನ್ನು ಸಂಪಾದಿಸದೆ ಬಿಟ್ಟದ್ದರ ತಪ್ಪು.

ಅಮೆರಿಕದ ನ್ಯೂಯಾರ್ಕರ್ ಎಂಬ ವಾರಪತ್ರಿಕೆ 1946ರ ಆಗಸ್ಟ್ 31ರ ಸಂಚಿಕೆಯನ್ನು ಒಂದೇ ಲೇಖನಕ್ಕೆ ಬಿಟ್ಟುಕೊಟ್ಟಿತು. ಜಾನ್ ಹರ್ಸಿ ಬರೆದ 'ಹಿರೋಶಿಮಾ'. ಮೊದಲು ನಾಲ್ಕು ವಾರ ಕಂತುಗಳಲ್ಲಿ ಹಾಕುವ ವಿಚಾರವಿತ್ತು. ಸಂಪಾದಕ ಹೆರಾಲ್ಡ್ ರಾಸ್ ಮತ್ತು ಅವರ ಸಹಾಯಕ ವಿಲಿಯಂ ಶಾನ್ ಕೂತು ಸಾಲುಸಾಲಿಗೂ ಪ್ರಶ್ನೆ ಹಾಕಿದರು, ಬರೆದವನ ಕೈಯಿಂದಲೇ ಮತ್ತೆ ಬರೆಸಿದರು, ಒಂದೇ ಸಂಚಿಕೆಯಲ್ಲಿ ಪೂರ್ತಿ ಹಾಕಿದರು. ಬಾಂಬಿನಿಂದ ಬದುಕಿ ಉಳಿದ ಆರು ಜನರ ಕತೆ ಅದು. ಅವರಲ್ಲೊಬ್ಬಾಕೆ ದರ್ಜಿಯ ವಿಧವೆ, ಬಟ್ಟೆ ಹೊಲಿದು ಮೂರು ಮಕ್ಕಳನ್ನು ಸಾಕುತ್ತಿದ್ದವಳು. ಊರೆಲ್ಲ ಹತ್ತಿ ಉರಿಯುವಾಗ ಆಕೆ ತನ್ನ ಹೊಲಿಗೆ ಯಂತ್ರವನ್ನು ನೀರಿನ ತೊಟ್ಟಿಯೊಳಗೆ ಇಳಿಸಿ ಓಡಿಹೋಗುತ್ತಾಳೆ. ಬಾಂಬಿನ ತೂಕ, ಸತ್ತವರ ಸಂಖ್ಯೆ ನಾನು ಮರೆತೇನು, ಆ ತೊಟ್ಟಿಯನ್ನು ಮರೆಯಲಾರೆ. ಆರುನೂರು ಶಬ್ದದವರ ಕೈಗೆ ಸಿಕ್ಕಿದ್ದರೆ ಮೊದಲು ಹೋಗುತ್ತಿದ್ದುದು ಆ ಹೊಲಿಗೆ ಯಂತ್ರವೇ.

ಅವರ ಎರಡನೆಯ ಮಾತು: ಉಪಸಂಪಾದಕರಿಗೆ ಸಮಯವಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಒಬ್ಬನೇ ಹುಡುಗ ಲೇಖನ ಆರಿಸಬೇಕು, ಕರಡು ತಿದ್ದಬೇಕು, ಪುಟ ಕಟ್ಟಬೇಕು, ಜಾಹೀರಾತಿನವರು ಕೊನೆಯ ಗಳಿಗೆಯಲ್ಲಿ ಅರ್ಧ ಪುಟ ಕೇಳಿದರೆ ಕೊಡಬೇಕು. ಆದರೆ ಕರಡು ತಿದ್ದುವುದೂ ಸಂಪಾದನೆಯೂ ಒಂದೇ ಎಂದು ಅವನಿಗೆ ಹೇಳಿಕೊಟ್ಟವರು ಯಾರು? ನನ್ನ ಲೇಖನದಲ್ಲಿ 'ಹೊಕ್ಕು' ಎಂದಿದ್ದುದನ್ನೆಲ್ಲ 'ಹೊಕ್ಕಳು' ಎಂದು ತಿದ್ದಿದ್ದರು! 'ಹೊಕ್ಕಳಿನ ನೂಲು' ಎಂದು ಅಚ್ಚಾಗಿತ್ತು. ನಗು ಬರುತ್ತದೆ, ಬರಲಿ. ಹಾಸುಹೊಕ್ಕು ಎಂಬ ಮಾತನ್ನು ದಿನವೂ ಸಂಪಾದಕೀಯದಲ್ಲಿ ಬಳಸುವವರು ಹಾಸು ಯಾವುದು ಹೊಕ್ಕು ಯಾವುದು ಎಂದು ಒಂದು ಸಲ ಕೇಳಬಹುದಿತ್ತು. ನನ್ನ ವಿಳಾಸ ಲೇಖನದ ಕೆಳಗೇ ಇತ್ತು. ಆಕೆಯ 'ಅಕ್ಕಾರ' ಎಂಬುದು 'ಮೇಡಂ' ಆಗಿತ್ತು. 'ಮಜೂರಿ' ಎಂಬುದು 'ವೇತನ' ಆಗಿತ್ತು. ವೇತನವಂತೆ! ತಿಂಗಳ ಒಂದನೆಯ ತಾರೀಖಿಗೆ ಬರುವುದಕ್ಕೆ ವೇತನ ಎನ್ನುತ್ತಾರೆ. ಈ ತಿದ್ದುಪಡಿಯಲ್ಲಿ ಬದಲಾದದ್ದು ಬರೀ ಶಬ್ದವೇ? ಒಂದು ಬದುಕಿನ ಲೆಕ್ಕವೇ ಬದಲಾಯಿತಲ್ಲ.

ಮೂರನೆಯದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಪುಟ ನೋಡಿದರೆ ತಿಳಿಯುತ್ತದೆ. ಹೆಂಗಸು ಬರೆದದ್ದರಲ್ಲಿ ಕಣ್ಣೀರನ್ನು ಉಳಿಸುತ್ತಾರೆ, ಲೆಕ್ಕವನ್ನು ತೆಗೆಯುತ್ತಾರೆ. ಅದೇ ವಿಷಯವನ್ನು ಗಂಡಸು ಬರೆದರೆ ಲೆಕ್ಕ ಉಳಿಯುತ್ತದೆ, ಜೊತೆಗೆ ಒಂದು ಕೋಷ್ಟಕವನ್ನೂ ಹಾಕುತ್ತಾರೆ. 1993ರ ಸುಮಾರಿಗೆ ಪಿ. ಸಾಯಿನಾಥರು ದೇಶದ ತೀರ ಬಡ ಜಿಲ್ಲೆಗಳನ್ನು ಸುತ್ತಿ ಬರೆದ ವರದಿಗಳನ್ನು ಓದಿದವರಿಗೆ ಗೊತ್ತು, ಬಡವರ ಕತೆ ಎಂದರೆ ಲೆಕ್ಕದ ಕತೆ. ಆ ಲೆಕ್ಕವನ್ನು ತೆಗೆದು ನಮ್ಮ ಕೈಗೆ ಕರವಸ್ತ್ರ ಕೊಟ್ಟರೆ ನಾವು ಮೂಗು ಒರೆಸಿಕೊಂಡು ಪುಟ ತಿರುವಬೇಕೇ?

ಇನ್ನೊಂದು ಮಾತು. ವೈದೇಹಿಯವರಿಗೆ ಆ ಹೆಸರು ಬಂದ ಕತೆ ನೀವು ಕೇಳಿರಬಹುದು. ಸುಧಾ ಪತ್ರಿಕೆಗೆ ಅವರೊಂದು ಬರಹ ಕಳಿಸಿ, ಆಮೇಲೆ ಅದು ನಿಜವಾಗಿ ನಡೆದ ಸಂಗತಿಯಾದ್ದರಿಂದ ಪ್ರಕಟಿಸಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಬರೆದವರ ಹೆಸರನ್ನು 'ವೈದೇಹಿ' ಎಂದು ಬದಲಿಸಿ ಪ್ರಕಟಿಸಿಯೇ ಬಿಟ್ಟರು. ಕನ್ನಡಕ್ಕೊಂದು ಒಳ್ಳೆಯ ಹೆಸರು ದಕ್ಕಿತು ಎಂದು ನಾವೆಲ್ಲ ಸಂತೋಷದಿಂದ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ. ಆ ಸಂಜೆ ಬಾಗಿಲಲ್ಲಿ ನಿಂತವಳನ್ನು ಕಂಡ ಮೇಲೆ ನನಗೆ ಆ ಕತೆಯ ಇನ್ನೊಂದು ಮಗ್ಗುಲು ಕಾಣತೊಡಗಿತು. ಬರೆದವಳ ಹೆಸರೇನೋ ಮರೆಯಾಯಿತು. ಬರಹದೊಳಗೆ ಇದ್ದವರನ್ನು ಯಾರು ಕೇಳಿದರು? ಬೇಡ ಎಂದ ಹೆಣ್ಣಿನ ಮಾತಿಗೆ ಬೆಲೆ ಎಷ್ಟು? ಬಂದ ಫಲ ಒಳ್ಳೆಯದಾಯಿತೆಂದು ಆ ಪ್ರಶ್ನೆಯನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಬಯ್ದದ್ದಾಯಿತು. ಬಯ್ದು ಕೂತರೆ ಕತ್ತರಿ ನಮ್ಮ ಕೈಗೇನೂ ಬರುವುದಿಲ್ಲವಲ್ಲ. ನಾವು ನಾಲ್ಕು ಜನ, ಇಬ್ಬರು ಶಿಕ್ಷಕಿಯರು, ಒಬ್ಬರು ಬ್ಯಾಂಕಿನವರು, ಒಬ್ಬರು ಮನೆಯಲ್ಲಿರುವ ವೈನಿ, ಶನಿವಾರ ಮಧ್ಯಾಹ್ನ ಕೂಡತೊಡಗಿದೆವು. ನಮ್ಮ ನಮ್ಮ ಬರಹಗಳನ್ನೇ ಮುಂದಿಟ್ಟುಕೊಂಡು ಕೆಲಸ ಕಲಿಯುವುದು ಎಂದು ಮಾತಾಯಿತು. 'ಛಂದ ಐತಿ' ಎಂಬ ಮಾತು ನಿಷೇಧ.

ಮೊದಲು ಬಲಿಗೆ ನಿಂತದ್ದು ನನ್ನ ಹದಿನಾಲ್ಕು ಪುಟಗಳೇ. ವೈನಿಗೆ ಡಿಗ್ರಿಯಿಲ್ಲ, ಒಂದು ಲೇಖನವೂ ಅಚ್ಚಾಗಿಲ್ಲ. ಆದರೆ ಕೆಲಸ ಎಲ್ಲರಿಗಿಂತ ಚೆನ್ನಾಗಿ ತಿಳಿದದ್ದು ಆಕೆಗೇ. ಪೆನ್ನು ಕೈಯಲ್ಲಿ ಹಿಡಿಯದೆ ಒಮ್ಮೆ ಪೂರ್ತಿ ಓದಿದರು. ಪೆನ್ನು ಕೈಯಲ್ಲಿದ್ದರೆ ಮೊದಲ ಸಾಲಿನ ಒತ್ತಕ್ಷರವನ್ನೇ ತಿದ್ದುತ್ತ ಕೂಡುತ್ತೇವೆ, ಹನ್ನೆರಡನೆಯ ಪುಟದಲ್ಲಿರುವ ಜೀವ ಕಣ್ಣಿಗೆ ಬೀಳುವುದಿಲ್ಲ ಎಂದು ಆಮೇಲೆ ನಮಗೂ ಅರ್ಥವಾಯಿತು. ಓದಿ ಮುಗಿಸಿ ಕಾಗದ ಮಗುಚಿಟ್ಟು ಕೇಳಿದರು, "ಅಲ್ರೀ, ಇದರಾಗ ನಿಮಗ ಸಿಟ್ಟು ಬಂದದ್ದು ಎಲ್ಲೆ?" ನಾನು ಸಾವುಕಾರರ ಲೆಕ್ಕ ಎಂದೆ. "ಮತ್ತ ಅಲ್ಲೀತನಕ ನಮ್ಮನ್ನ ಬಾದಾಮಿ ಯಾಕ ತೋರಸಾಕತ್ತೀರಿ?"

ಆಮೇಲೆ ಪ್ರತಿ ಪ್ಯಾರಾದ ಬದಿಗೆ ಅದರೊಳಗೆ ಏನಿದೆ ಎಂದು ನಾಲ್ಕೈದು ಶಬ್ದಗಳಲ್ಲಿ ಬರೆಯುತ್ತ ಹೋದೆವು. ಇದೊಂದು ಕೆಲಸ ಮಾಡಿ ನೋಡಿ, ನಿಮ್ಮ ಬರಹದ ಬಗ್ಗೆ ನಿಮಗಿರುವ ಜಂಭ ಅರ್ಧ ಇಳಿಯುತ್ತದೆ. ನನ್ನ ಬದಿಯಲ್ಲಿ 'ಗುಡ್ಡ' ಎಂದು ಮೂರು ಸಲ ಬಂತು, 'ಹೆಂಗಸರ ತಾಳ್ಮೆ' ಎಂದು ಐದು ಸಲ. ಎರಡು ಪ್ಯಾರಾಗಳ ಬದಿಗೆ ಏನು ಬರೆಯಬೇಕೋ ತಿಳಿಯಲೇ ಇಲ್ಲ, ಅವುಗಳಲ್ಲಿ ಏನೂ ಇರಲಿಲ್ಲ. ಅವು ನನಗೆ ಬಲು ಪ್ರೀತಿಯ ಪ್ಯಾರಾಗಳಾಗಿದ್ದವು.

ಬ್ಯಾಂಕಿನವರು ಅಂಕಿಗಳ ಮೇಲೆ ಕೂತರು. ಈ ಲೆಕ್ಕ ಯಾರು ಹೇಳಿದರು, ಯಾವ ವರ್ಷದ್ದು, ಸಾವುಕಾರರನ್ನು ಕೇಳಿದಿರಾ, ನೇಯುವವರಲ್ಲಿ ಇನ್ನಿಬ್ಬರನ್ನು ಕೇಳಿದಿರಾ? ನಾನು ಸಾವುಕಾರರನ್ನು ಕೇಳಿಯೇ ಇರಲಿಲ್ಲ. ಹೋಗಿ ಕೇಳಿದೆ. ಅವರು ಚಹಾ ಕೊಟ್ಟು ತಮ್ಮ ಕಡೆಯ ಲೆಕ್ಕ ಹೇಳಿದರು: ನೂಲಿನ ಬೆಲೆ, ಮಾರಾಟವಾಗದೆ ಉಳಿದ ಖಣ, ಇದೇ ಚಿತ್ತಾರವನ್ನು ಅಗ್ಗಕ್ಕೆ ತೆಗೆದು ಬಿಸಾಡುವ ವಿದ್ಯುತ್ ಮಗ್ಗ. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ, ಆದರೆ ಕೊಳ್ಳುವವರು ಆ ಗುರುತನ್ನು ನೋಡುತ್ತಾರೆಯೇ, ಬೆಲೆ ನೋಡುತ್ತಾರೆ ಎಂದರು. ಅವರ ಮಾತೆಲ್ಲ ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಅದು ಲೇಖನದಲ್ಲಿ ಇರಲೇಬೇಕಿತ್ತು. ಅದಿಲ್ಲದೆ ನನ್ನ ಲೆಕ್ಕ ಒಂಟಿಕಾಲಿನ ಮೇಲೆ ನಿಂತಿತ್ತು. ಈ ಪ್ರಶ್ನೆಗಳನ್ನು ಆ ಪತ್ರಿಕೆಯವರು ನನಗೆ ಕೇಳಿದ್ದರೆ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದೆ.

ಗಟ್ಟಿಯಾಗಿ ಓದುವುದು ಇನ್ನೊಂದು. ಕಣ್ಣು ಮೋಸ ಮಾಡುತ್ತದೆ, ನಾಲಗೆ ಮಾಡುವುದಿಲ್ಲ. ಎಲ್ಲಿ ಓದುತ್ತ ಉಸಿರು ಕಟ್ಟಿತೋ ಅಲ್ಲಿ ವಾಕ್ಯ ಕೆಟ್ಟಿದೆ. ಎಲ್ಲಿ ಕೇಳುವವರು ಸೀರೆಯ ಅಂಚು ಸರಿಮಾಡಿಕೊಂಡರೋ ಅಲ್ಲಿ ಪ್ಯಾರಾ ಕೆಟ್ಟಿದೆ.

ಆರು ಶನಿವಾರ ಹಿಡಿಯಿತು. ಹದಿನಾಲ್ಕು ಪುಟ ಒಂಬತ್ತಾಯಿತು, ಸಾವುಕಾರರ ಮಾತು ಸೇರಿ ಹತ್ತಾಯಿತು. ಚಾಲುಕ್ಯರೆಲ್ಲ ಹೋದರು. ಪುಲಿಕೇಶಿಯ ಒಂದು ವಾಕ್ಯ ಉಳಿಸಿಕೊಳ್ಳಲು ಅತ್ತು ಕರೆದು ನೋಡಿದೆ, ವೈನಿ ಬಿಡಲಿಲ್ಲ. ಲೇಖನ ಈಗ ರಾಟಿಯ ಸಪ್ಪಳದಿಂದ ಶುರುವಾಗುತ್ತದೆ. ಮೊದಲ ಪುಟದಲ್ಲೇ ಕೂಲಿಯಿಲ್ಲದ ಕಂಡಿಕೆ ಬರುತ್ತದೆ.

ಅದನ್ನು ಹಿಡಿದುಕೊಂಡು ಆಕೆಯ ಮನೆಗೆ ಹೋದೆ. ಈ ಸಲ ಹೊಸ್ತಿಲಲ್ಲಿ ನಿಂತವಳು ನಾನು. "ಬರ್ರಿ ಅಕ್ಕಾರ" ಅಂದಳು, ಕೂಡಲು ತಟ್ಟು ಹಾಸಿದಳು. ಗಂಡ ಮಗ್ಗ ನಿಲ್ಲಿಸಿ, ಕಾಲನ್ನು ಗುಣಿಯಿಂದ ಎತ್ತದೆ ಹಾಗೇ ಕೂತು ಕೇಳಿದ. ಪೂರ್ತಿ ಓದಿದೆ. ಮುಂಗಡದ ಲೆಕ್ಕದಲ್ಲಿ ಒಂದು ತಪ್ಪನ್ನು ಆತ ತಿದ್ದಿದ. ಆಕೆ ಒಂದು ಮಾತು ತೆಗೆಯಿರಿ ಎಂದಳು. ಮಗಳ ಶಾಲೆ ಬಿಡಿಸುವ ವಿಚಾರವಾಗಿ ಆಕೆಯೇ ಅಂದಿದ್ದ ಮಾತು. ಇಡೀ ಲೇಖನದಲ್ಲಿ ಅದಕ್ಕಿಂತ ಗಟ್ಟಿಯಾದ ಸಾಲು ಇನ್ನೊಂದಿರಲಿಲ್ಲ. "ಹುಡುಗಿ ಓದತಾಳ್ರೀ, ನಾಳೆ ಅಕಿಗೆ ನೋವಾಗತೈತಿ" ಅಂದಳು. ನಾನು ಅವಳೆದುರೇ ಅಡ್ಡಗೆರೆ ಎಳೆದೆ. ನನ್ನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಈಗ ಆ ಹತ್ತು ಪುಟಗಳನ್ನು ಬೇರೊಂದು ಪತ್ರಿಕೆಗೆ ಕಳಿಸಿದ್ದೇನೆ. ಜೊತೆಗೊಂದು ಪತ್ರ. ಜಾಗ ಸಾಲದಿದ್ದರೆ ಮೂರನೆಯ ಪುಟದ ಎರಡನೆಯ ಪ್ಯಾರಾ ಮೊದಲು ತೆಗೆಯಿರಿ, ಆಮೇಲೆ ಆರನೆಯ ಪುಟದ ಕೆಳಗಿನ ಎಂಟು ಸಾಲು. ಅಲ್ಲಿಗೆ ಕೊಂಡಿ ಬಿಚ್ಚಿಹೋಗದಂತೆ ನಾವೇ ನೋಡಿಟ್ಟಿದ್ದೇವೆ. ತಲೆಬರಹ ಬದಲಿಸುವುದಾದರೆ ನನಗೆ ತಿಳಿಸಿ. ಒಳಗಿನ ಹೆಂಗಸಿನ ಮಾತುಗಳನ್ನು ಆಕೆ ಕೇಳಿ ಒಪ್ಪಿದ್ದಾಳೆ, ಅವುಗಳಲ್ಲಿ ಒಂದು ಅಕ್ಷರವನ್ನೂ ಮುಟ್ಟುವ ಮೊದಲು ಒಂದು ಫೋನು ಮಾಡಿ. 'ಹೊಕ್ಕು' ಎಂಬುದು ಸರಿಯಾಗಿಯೇ ಇದೆ.